24.04ಕ್ಕೆ ಹೋದ ಮೇಲೆ ಪ್ರಿಂಟರ್: ಒಂದು ವಾರದ ಲಾಗ್

ಶನಿವಾರ ರಾತ್ರಿ

ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಬಳಗದ ಉಬುಂಟು ಆಪರೇಟಿಂಗ್ ಸಿಸ್ಟಂ, ಅದನ್ನು 22.04 ಆವೃತ್ತಿಯಿಂದ 24.04ಕ್ಕೆ ಏರಿಸಿದೆ. ಏರಿಸಲೇಬೇಕು ಅನ್ನುವ ತುರ್ತೇನೂ ಇರಲಿಲ್ಲ, ಹಳೆಯದಕ್ಕೆ 2027ರವರೆಗೆ ಅಪ್‌ಡೇಟ್ ಬರುತ್ತವೆ. ಸೈಕ್ಲೋನ್ ಮಳೆ ಬೆಳಿಗ್ಗೆಯಿಂದ ಜಿಟಿಜಿಟಿ, ಹೊರಗೆ ಕಾಲಿಡುವ ಹಾಗಿಲ್ಲ, ಕೈ ಸುಮ್ಮನಿರಲಿಲ್ಲ, ಅಷ್ಟೇ. ಎರಡೂವರೆ ಗಂಟೆ ಹಿಡಿಯಿತು. ಮಧ್ಯೆ ಒಮ್ಮೆ ತೆಗೆದುಹಾಕುವ ಪ್ಯಾಕೇಜುಗಳ ಉದ್ದನೆಯ ಪಟ್ಟಿ ತೋರಿಸಿ ಮುಂದುವರಿಯಲೇ ಅಂತ ಕೇಳಿತು. ಓದದೆ ಹೂಂ ಅಂದೆ. ವೈಫೈ, ಬ್ಲೂಟೂತ್, ಸೌಂಡ್ ಸರಿ ಇವೆ. ಕನ್ನಡ ಕೀಬೋರ್ಡ್ ಕೂಡ ಇದ್ದ ಹಾಗೇ ಇದೆ. ಪ್ರಿಂಟರ್ ನೋಡಿಲ್ಲ.

ಭಾನುವಾರ

ಅಕ್ಕ ಪೆನ್‌ಡ್ರೈವ್ ಹಿಡಿದು ಬಂದಳು. ನಾಳೆ ಅವಳ ಶಾಲೆಯಲ್ಲಿ ಎಂಟನೇ ತರಗತಿಗೆ ಎಫ್‌ಎ-3, ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಎರಡು ಪುಟ. ಒಂದು ಕಾಪಿ ಸಾಕು, ಉಳಿದದ್ದನ್ನು ಜೆರಾಕ್ಸ್ ಮಾಡಿಸುತ್ತಾಳೆ.

ಪ್ರಿಂಟರ್ 2019ರಲ್ಲಿ ಕೊಂಡ ಇಂಕ್‌ಟ್ಯಾಂಕ್, ವೈಫೈ ಇರುವಂಥದ್ದು. ದೇವರ ಕೋಣೆ ಪಕ್ಕದ ಶೆಲ್ಫಿನಲ್ಲಿ ಕೂತಿದೆ, ಕೇಬಲ್ ಎಳೆಯುವ ಮಾತೇ ಇಲ್ಲ. ಪ್ರಿಂಟ್ ಒತ್ತಿದೆ. ಎರಡು ಸೆಕೆಂಡು ಏನೋ ಯೋಚನೆ ಮಾಡಿದ ಹಾಗೆ ಮಾಡಿ ‘ಫಿಲ್ಟರ್ ಫೇಲ್ಡ್’ ಅಂತ ಹೇಳಿ ನಿಂತಿತು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ದಾಯಿತು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಯಿತು, ಕೊನೆಗೆ ಪಾಪದ ರೂಟರನ್ನೂ ಬಿಡಲಿಲ್ಲ.

"ನಿನ್ನೆವರೆಗೂ ಚೆನ್ನಾಗಿತ್ತಲ್ಲೋ?"

"ನಿನ್ನೆವರೆಗೂ ಹಳೇದಿತ್ತು ಕಣೇ ಅಕ್ಕ."

"ಹಳೇದೇ ಇದ್ದಿದ್ರೆ ಏನಾಗ್ತಿತ್ತು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಲಾಗ್ ಫೈಲ್ ತೆಗೆದೆ. ಲಿನಕ್ಸ್‌ನಲ್ಲಿ ಪ್ರಿಂಟಿನ ಯಜಮಾನಿಕೆ ಕಪ್ಸ್ ಅನ್ನುವ ತಂತ್ರಾಂಶದ್ದು, ಮೈಕಲ್ ಸ್ವೀಟ್ ಬರೆದು 1999ರಲ್ಲಿ ಹೊರತಂದದ್ದು. ನಾವು ಕೊಡುವ ಪುಟವನ್ನು ಅದು ಒಂದಾದ ಮೇಲೊಂದು ಫಿಲ್ಟರಿಗೆ ದಾಟಿಸಿ, ಪ್ರಿಂಟರಿಗೆ ತಿಳಿಯುವ ಭಾಷೆಗೆ ತಂದು ಕಳಿಸುತ್ತದೆ. ನಮ್ಮ ಮನೆಯಲ್ಲಿ ಕೊನೆಯ ಫಿಲ್ಟರ್ ಪ್ರಿಂಟರ್ ಕಂಪನಿಯ ಡ್ರೈವರಿನದು, ಅಂದರೆ ಆ ಪ್ರಿಂಟರನ್ನು ನಡೆಸಲೆಂದೇ ಇರುವ ತಂತ್ರಾಂಶದ್ದು. ಆ ಡ್ರೈವರ್ ನೆಚ್ಚಿಕೊಂಡಿದ್ದ ಹಳೆಯ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡ್) 24.04ರಲ್ಲಿ ಇಲ್ಲ, ಹಾಗಾಗಿ ಅದರ ಜೊತೆಗೇ ಡ್ರೈವರೂ ಹೋಗಿದೆ. ನಾನೇ ಹೂಂ ಅಂದ ಪಟ್ಟಿಯಲ್ಲಿ. ಪ್ರಿಂಟರಿನ ಕ್ಯೂ (ಕಪ್ಸ್‌ನಲ್ಲಿ ಆ ಪ್ರಿಂಟರಿನ ಹೆಸರಿಗಿರುವ ಸರದಿ) ಮಾತ್ರ ಹಾಗೇ ಉಳಿದು, ಇಲ್ಲದ ಪ್ರೋಗ್ರಾಮನ್ನು ಕೂಗುತ್ತಿತ್ತು. ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ವರ್ಷಗಟ್ಟಲೆ ಕಾಗದ ಬರುತ್ತಲ್ಲ, ಹಾಗೆ.

ಇಷ್ಟು ಗೊತ್ತಾದ ಮೇಲೂ ಬುದ್ಧಿ ಬರಲಿಲ್ಲ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಳೆಯ ಡ್ರೈವರ್ ಫೈಲ್ ಇತ್ತು, ಅದನ್ನೇ ಮತ್ತೆ ಹಾಕಲು ಹೊರಟೆ. ಅದು ಒಂದು 32-ಬಿಟ್ ಲೈಬ್ರರಿ ಕೇಳಿತು. ಆ ಲೈಬ್ರರಿ ಹುಡುಕಿ ತಂದರೆ ಅದಕ್ಕೆ ಇನ್ನೊಂದು ಬೇಕಂತೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಪ್ಯಾಕೇಜ್ ಹಾಕಿ ತೆಗೆಯುವ ಎಪಿಟಿ, ಇದನ್ನು ಹಾಕಬೇಕಾದರೆ ಡೆಸ್ಕ್‌ಟಾಪಿನ ಇಂತಿಂಥ ಪ್ಯಾಕೇಜ್ ತೆಗೆಯುತ್ತೇನೆ ಅಂದಿತು. ಈ ಸಲ ಪಟ್ಟಿ ಓದಿದೆ, ಬೇಡ ಅಂದೆ. ಒಂದೂವರೆ ಗಂಟೆ ಹಾಳು.

ಕೊನೆಗೆ ಮೊಬೈಲಿನಿಂದ ಪ್ರಿಂಟ್ ಕೊಡೋಣ ಅಂತ ಹೊಳೆದದ್ದು ಅಕ್ಕನಿಗೆ. ಅವಳ ಫೈಲ್ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಮೊಬೈಲಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ತೆರೆದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಇದೆ. ಲಿಬ್ರೆ ಆಫೀಸಿನಲ್ಲಿ ಪಿಡಿಎಫ್ ಮಾಡಿದರೆ ಫಾಂಟೂ ಅದರೊಳಗೇ ಸೇರಿಕೊಳ್ಳುತ್ತದೆ. ಅದನ್ನು ಅಕ್ಕನ ಮೊಬೈಲಿಗೆ ಕಳಿಸಿದೆ, ಅವಳು ಪ್ರಿಂಟ್ ಒತ್ತಿದಳು, ಶೆಲ್ಫಿನ ಕಡೆಯಿಂದ ಗರಗರ ಸದ್ದು. ಎರಡು ಪುಟವೂ ಬಂದವು, ಒತ್ತಕ್ಷರ ಸಮೇತ.

ಅವಳು ಹೋದ ಮೇಲೆ ತಲೆಗೆ ಬಂತು: ಈ ಮೊಬೈಲಿಗೆ ನಾವು ಯಾವತ್ತೂ ಡ್ರೈವರ್ ಹಾಕಿಯೇ ಇಲ್ಲವಲ್ಲ.

ಸೋಮವಾರ ಸಂಜೆ

ಐಫೋನಿನಿಂದ ನೇರವಾಗಿ ಪ್ರಿಂಟ್ ಕೊಡುವ ಏರ್‌ಪ್ರಿಂಟ್ ಬಂದದ್ದು 2010ರಲ್ಲಿ. ಮೊಬೈಲುಗಳಿಗೆ ಒಂದೊಂದು ಮಾಡೆಲಿನ ಡ್ರೈವರ್ ಹಾಕುತ್ತಾ ಕೂರುವುದು ಆಗದ ಮಾತು. ಹಾಗಾಗಿ ಪ್ರಿಂಟರೇ ತನ್ನ ವಿವರ ತಾನು ಹೇಳಿಕೊಳ್ಳಬೇಕಾಯಿತು: ಯಾವ ಸೈಜಿನ ಕಾಗದ ಹಿಡಿಯುತ್ತದೆ, ಕಲರ್ ಬರುತ್ತದೋ ಇಲ್ಲವೋ, ಯಾವ ನಮೂನೆಯ ಫೈಲ್ ಅರ್ಥವಾಗುತ್ತದೆ. ಈ ಮಾತುಕತೆ ನಡೆಯುವುದು ಐಪಿಪಿ ಅನ್ನುವ ಪ್ರೋಟೊಕಾಲಿನಲ್ಲಿ, ಪೋರ್ಟ್ 631ರಲ್ಲಿ. ಅದೇ ಮಾತನ್ನು ಕಪ್ಸ್ ಕೂಡ ಆಡಬಲ್ಲದು. ಹಾಗಾದರೆ ಡ್ರೈವರಿನ ಹಂಗೇ ಇಲ್ಲ.

ಹಳೆಯ ಡ್ರೈವರ್ ಹಾಕಿದ ದಿನವೇ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ನನಗೆ ಇದನ್ನು ಹೇಳಿತ್ತು. ಪ್ರಿಂಟರ್ ಡ್ರೈವರುಗಳ ಕಾಲ ಮುಗಿಯುತ್ತಿದೆ, ಕಪ್ಸ್‌ನ ಮುಂದಿನ ಆವೃತ್ತಿಯೊಂದರಲ್ಲಿ ಇವು ಕೆಲಸ ಮಾಡುವುದಿಲ್ಲ ಅಂತ ಒಂದು ಸಾಲಿನ ಎಚ್ಚರಿಕೆ. ಪ್ರಿಂಟ್ ಬಂತಲ್ಲ ಅಂತ ಆ ಸಾಲನ್ನು ದಾಟಿಕೊಂಡು ಹೋಗಿದ್ದೆ.

ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 (ನನ್ನ ಲ್ಯಾಪ್‌ಟಾಪಿನಲ್ಲೇ ಇರುವ ಕಪ್ಸ್‌ನ ಪುಟ) ತೆರೆದು ಹಳೆಯ ಕ್ಯೂ, ಅದರಲ್ಲಿ ಸಿಕ್ಕಿಕೊಂಡಿದ್ದ ಏಳು ಜಾಬ್ ಎಲ್ಲ ಅಳಿಸಿದೆ. ಅಳಿಸಿದ ಕೂಡಲೇ ಪ್ರಿಂಟರ್ ತಾನಾಗಿಯೇ ಪಟ್ಟಿಯಲ್ಲಿ ಕಾಣಿಸಿಕೊಂಡಿತು, ಅದೂ ಎರಡೆರಡು ಸಲ. ಒಂದು ಕಪ್ಸ್ ತಾನೇ ಕಂಡುಕೊಂಡದ್ದು, ಇನ್ನೊಂದು ಕಪ್ಸ್-ಬ್ರೌಸ್ಡ್ ಅನ್ನುವ ಸಹಾಯಕ ಪ್ರೋಗ್ರಾಂ ಮಾಡಿಕೊಟ್ಟದ್ದು. ಈ ಬ್ರೌಸ್ಡ್‌ನಲ್ಲಿ 2024ರ ಸೆಪ್ಟೆಂಬರಿನಲ್ಲಿ ದೊಡ್ಡ ಭದ್ರತಾ ದೋಷ ಸಿಕ್ಕಿತ್ತು. ತೇಪೆ ಹಾಕಿ ಆಗಿದೆ, ಆದರೂ ಒಂದೇ ಪ್ರಿಂಟರ್ ಇರುವ ಮನೆಗೆ ಅದು ಯಾಕೆ ಬೇಕು? ನಿಲ್ಲಿಸಿದೆ. ಜೋಡಿ ಒಂಟಿಯಾಯಿತು.

ತಾನಾಗಿ ಬಂದದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಎಲ್‌ಪಿಅಡ್ಮಿನ್ ಕಮಾಂಡಿನಿಂದ ನಾನೇ ಒಂದು ಕ್ಯೂ ಮಾಡಿದೆ. ವಿಳಾಸ 192.168.1.7, ಮಾದರಿಯ ಜಾಗದಲ್ಲಿ ‘ಎವ್ರಿವೇರ್’. ಡ್ರೈವರ್ ಇಲ್ಲದೆ, ಪ್ರಿಂಟರನ್ನೇ ಕೇಳಿಕೊಂಡು ಹೊಂದಿಸಿಕೋ ಅಂತ ಅದರ ಅರ್ಥ. ಟೆಸ್ಟ್ ಪೇಜ್ ಬಂತು. ಎಲ್ಲ ಸೇರಿ ಕಾಲು ಗಂಟೆ ಆಯಿತೇನೋ.

ಬುಧವಾರ

ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸಂಜೆ ಗ್ಯಾಸ್ ಬುಕ್ಕಿಂಗ್ ರಸೀದಿ ಪ್ರಿಂಟ್ ಕೊಟ್ಟರೆ ‘ಪ್ರಿಂಟರ್ ಸಿಗುತ್ತಿಲ್ಲ’. ಎದುರಿಗೇ ನೀಲಿ ದೀಪ ಉರಿಯುತ್ತಿದೆ, ಸಿಗುತ್ತಿಲ್ಲವಂತೆ.

ಇದು ಪೂರ್ತಿ ನನ್ನದೇ ಎಡವಟ್ಟು. ಮನೆಯೊಳಗಿನ ಐಪಿ ವಿಳಾಸಗಳನ್ನು ಹಂಚುವುದು ರೂಟರ್. ಕರೆಂಟ್ ಹೋಗಿ ಬಂದ ಮೇಲೆ ಹೊಸದಾಗಿ ಹಂಚಿದೆ. ಪ್ರಿಂಟರಿಗೆ ಈಗ ಸಿಕ್ಕಿದ್ದು 192.168.1.12, 7 ಹೋಗಿರುವುದು ಟಿವಿಗೆ. ನನ್ನ ಕ್ಯೂ ನಿಷ್ಠೆಯಿಂದ ಟಿವಿಯ ಬಾಗಿಲು ತಟ್ಟುತ್ತಿತ್ತು.

ರೂಟರಿನಲ್ಲೇ ಪ್ರಿಂಟರಿಗೆ ಒಂದು ವಿಳಾಸ ಕಾಯ್ದಿರಿಸಬಹುದು. ನಮ್ಮ ರೂಟರ್ ಇಂಟರ್‌ನೆಟ್ ಕೊಡುವವರದು, ಅವರು ಬದಲಾಯಿಸಿದ ದಿನ ಆ ಸೆಟ್ಟಿಂಗೂ ಹೋಗುತ್ತದೆ. ಅದಕ್ಕೇ ಎರಡನೇ ದಾರಿ ಹಿಡಿದೆ, ವಿಳಾಸ ಬಿಟ್ಟು ಹೆಸರು. ಪ್ರಿಂಟರಿಗೆ ‘ಲೋಕಲ್’ ಅಂತ ಕೊನೆಯಾಗುವ ಒಂದು ಹೆಸರಿದೆ. ಲ್ಯಾಪ್‌ಟಾಪ್ ಆ ಹೆಸರನ್ನು 224.0.0.251 ಅನ್ನುವ ಸಾಮೂಹಿಕ ವಿಳಾಸಕ್ಕೆ, ಪೋರ್ಟ್ 5353ರಲ್ಲಿ ಕೂಗುತ್ತದೆ. ವಠಾರದ ನಡುವೆ ನಿಂತು ಹೆಸರು ಕೂಗಿದರೆ ಆ ಮನೆಯವರು ಓ ಅನ್ನುವ ಹಾಗೆ, ಯಾರ ಹೆಸರೋ ಅವರು ತಮ್ಮ ಇವತ್ತಿನ ಐಪಿ ಹೇಳುತ್ತಾರೆ. ಸೋಮವಾರ ತಾನಾಗಿ ಕಾಣಿಸಿಕೊಂಡಿದ್ದ ಪ್ರಿಂಟರ್ ಇದೇ ರೀತಿಯಲ್ಲಿ ಸಿಕ್ಕಿದ್ದು. ಅದನ್ನು ನಂಬಿದ್ದರೆ ಬುಧವಾರದ ಕೆಲಸ ಇರುತ್ತಿರಲಿಲ್ಲ.

ಪ್ರಿಂಟರಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ಲ್ಯಾಪ್‌ಟಾಪ್ ಇರುವುದು 5ರಲ್ಲಿ. ಇದರಿಂದ ತೊಂದರೆಯಿಲ್ಲ, ಎರಡನ್ನೂ ರೂಟರ್ ಒಂದೇ ಜಾಲವಾಗಿ ಸೇರಿಸುತ್ತದೆ. ಎರಡರಲ್ಲಿ ಒಂದು ಗೆಸ್ಟ್ ನೆಟ್‌ವರ್ಕಿನಲ್ಲಿದ್ದರೆ ಮಾತ್ರ ಕೂಗು ಕೇಳಿಸದೆ ಹೋಗಬಹುದು. ನೋಡಿದೆ, ಇಲ್ಲ. ಪರೀಕ್ಷೆಗೆ ರೂಟರನ್ನು ಬೇಕೆಂದೇ ಎರಡು ಸಲ ಆಫ್ ಮಾಡಿದೆ. ಎರಡು ಸಲವೂ ಪ್ರಿಂಟ್ ಬಂತು, ಮತ್ತು ಎರಡು ಸಲವೂ ಅಮ್ಮನ ಧಾರಾವಾಹಿ ನಿಂತಿತು.

ಶುಕ್ರವಾರ

ಅಕ್ಕನ ಇನ್ನೊಂದು ಪತ್ರಿಕೆ, ಒಂಬತ್ತನೇ ತರಗತಿಯದು. ಈ ಸಲ ಲ್ಯಾಪ್‌ಟಾಪಿನಿಂದಲೇ ನೇರವಾಗಿ. ಒತ್ತಿದೆ, ಬಂತು, ನಾನು ಎದೆಯುಬ್ಬಿಸಿ ಕೊಟ್ಟೆ. ಅವಳು ನಿಂತಲ್ಲೇ ಓದಿದಳು.

"ಹತ್ತನೇ ಪ್ರಶ್ನೆ ಎಲ್ಲೋ? ನಾಲ್ಕು ಮಾರ್ಕಿಂದು."

ಪುಟದ ಬುಡದಲ್ಲಿ ಹತ್ತನೇ ಪ್ರಶ್ನೆಯ ತಲೆಕಟ್ಟುಗಳು ಮಾತ್ರ ಕಾಣುತ್ತಿದ್ದವು. ಲ್ಯಾಪ್‌ಟಾಪಿಗೆ ನಾನು ಅಮೆರಿಕದ ಇಂಗ್ಲಿಷ್ ಆರಿಸಿಕೊಂಡಿರುವುದರಿಂದ ಹೊಸ ಕ್ಯೂ ಅವರ ಲೆಟರ್ ಸೈಜನ್ನೇ ಹಿಡಿದುಕೊಂಡಿತ್ತು. ಲೆಟರ್ 279 ಮಿ.ಮೀ. ಉದ್ದ, ನಮ್ಮ ಎ4 297. ಆ 18 ಮಿಲಿಮೀಟರಿನಲ್ಲಿ ನಾಲ್ಕು ಮಾರ್ಕು ಮುಳುಗಿತ್ತು. ಕ್ಯೂವಿನ ಡೀಫಾಲ್ಟ್ ಎ4 ಮಾಡಿದೆ, ಪ್ರಾಂತ್ಯದ ಸೆಟ್ಟಿಂಗನ್ನು ಭಾರತಕ್ಕೆ ತಂದೆ. ಸೋಮವಾರದ ಟೆಸ್ಟ್ ಪೇಜನ್ನು ಸರಿಯಾಗಿ ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು.

ಕೇಳದೆ ಬಂದ ಲಾಭ: ಸ್ಕ್ಯಾನರ್. ಹಳೆಯ ಡ್ರೈವರಿನಲ್ಲಿ ಮೂರು ವರ್ಷ ಒದ್ದಾಡಿದರೂ ವೈಫೈ ಮೇಲೆ ಸ್ಕ್ಯಾನ್ ಆಗಿರಲಿಲ್ಲ. ಈಗ ಡಾಕ್ಯುಮೆಂಟ್ ಸ್ಕ್ಯಾನರ್ ತೆರೆದರೆ ಹೆಸರು ಅಲ್ಲೇ ಇದೆ. ಇದಕ್ಕೂ ಡ್ರೈವರ್ ಇಲ್ಲ, ಏರ್‌ಸ್ಕ್ಯಾನ್ ಅನ್ನುವ ಸಣ್ಣ ಪ್ಯಾಕೇಜಿನ ಕೆಲಸ. ಅಪ್ಪನ ಪಿಂಚಣಿ ಕಾಗದ ಅಷ್ಟನ್ನೂ ಇವತ್ತೇ ಸ್ಕ್ಯಾನ್ ಮಾಡಿ ಇಟ್ಟೆ.

ನಷ್ಟವೂ ಇದೆ. ಅಂಚಿಲ್ಲದ ಫೋಟೊ ಪ್ರಿಂಟಿನ ಆಯ್ಕೆ ಕಾಣುತ್ತಿಲ್ಲ, ಇಂಕ್ ಎಷ್ಟಿದೆ ಅಂತ ತೋರಿಸುತ್ತಿದ್ದ ಕಿಟಕಿಯೂ ಹೋಯಿತು. ಟ್ಯಾಂಕ್ ಪಾರದರ್ಶಕವಾಗಿರುವುದರಿಂದ ಬಗ್ಗಿ ನೋಡಿದರೆ ಆಯಿತು.

ಬಾಕಿ ಇರುವುದು ಅಕ್ಕನ ಲ್ಯಾಪ್‌ಟಾಪ್. ಅದು ಇನ್ನೂ ವಿಂಡೋಸ್ 10ರಲ್ಲಿದೆ, ಅದಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬದಲಾಯಿಸಿಕೊಡಲಾ ಅಂತ ಕೇಳಿದೆ. ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಅದನ್ನು ಮುಟ್ಟಕೂಡದಂತೆ.