ರಾಕೆಟ್ ಬೆನ್ನ ಹಿಂದಿತ್ತು

ಮೊನ್ನೆ ಶನಿವಾರ, ಹವ್ಯಾಸಕ್ಕೆ ಆಕಾಶಕ್ಕೆ ಹಾರಿಸುವ ನನ್ನ ಕೆಂಪು ರಾಕೆಟ್ ಕಳೆದೇ ಹೋಯಿತು ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಲೂಸರ್ನ್ ಡ್ರೈ ಲೇಕ್ ಅಂತ ಒಂದು ಒಣಗಿದ ಕೆರೆ ಇದೆ. ನೆಲ ರೊಟ್ಟಿ ಹಂಚಿನ ಹಾಗೆ ಸಪಾಟು. ರಾಕೆಟ್ ಅದರೊಳಗೇ ಬಿದ್ದರೆ ಬರಿಗಣ್ಣಿಗೆ ಕಾಣುತ್ತದೆ. ಗಾಳಿ ಎಳೆದುಕೊಂಡು ಹೋಗಿ ಅಂಚಿನ ಪೊದೆಗಳಲ್ಲಿ ಹಾಕಿದರೆ ಮಾತ್ರ ಕಷ್ಟ.

ಅವತ್ತು ಹಾಗೇ ಆಯಿತು. ಒಂದೂವರೆ ಕಿಲೋಮೀಟರ್ ಮೇಲಕ್ಕೆ ಹೋದದ್ದು ನನಗೂ ಕಾಣಲಿಲ್ಲ, ಹನ್ನೊಂದು ವರ್ಷದ ಮಗಳಿಗೂ ಕಾಣಲಿಲ್ಲ.

ಹೆದರಿಕೆ ಇರಲಿಲ್ಲ. ಮೂತಿಯೊಳಗೆ ಜಿಪಿಎಸ್ ಕೂತು, ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ರೇಡಿಯೋದಲ್ಲಿ ಹೇಳುತ್ತಿರುತ್ತದೆ. ಕೊನೆಯ ಸಂದೇಶ ಬಂದಾಗ ನೆಲದಿಂದ 40 ಮೀಟರ್ ಮೇಲಿತ್ತು. ಆಮೇಲೆ ಮೌನ. ಅದು ಮಾಮೂಲು. ನೆಲ ಮುಟ್ಟಿದ ಮೇಲೆ ಪೊದೆ, ದಿಬ್ಬ ಅಡ್ಡ ಬಂದು ಸಿಗ್ನಲ್ ಸಾಯುತ್ತದೆ. ದೊಡ್ಡ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ 6 ಮೀಟರ್ ಇಳಿಯುತ್ತದೆ, ಅಂದರೆ ಇನ್ನು ಏಳು ಸೆಕೆಂಡ್. ಗಾಳಿ ಎಳೆದರೂ ನಲವತ್ತು ಮೀಟರ್ ಅಷ್ಟೇ ಅಲ್ವಾ?

ಮಗಳು ಜಿಪಿಎಸ್ ಸಂದೇಶ ಹಿಡಿಯುವ ರಿಸೀವರಿನ ಪರದೆ ನೋಡಿ ಅಂಕಿ ಓದಿದಳು, ನಾನು ಫೋನಿನ ಮ್ಯಾಪಿಗೆ ಹಾಕಿದೆ. ಅಂಕಿ ಸಿಕ್ಕಿತಲ್ಲ ಅಂತ ರಿಸೀವರನ್ನು ಕಾರಿನಲ್ಲೇ ಬಿಟ್ಟು ಹೊರಟೆವು. ಫೋನ್ ತೋರಿಸಿದ ಜಾಗದಲ್ಲಿ ಒಂದು ಹಳೇ ಟೈರು ಬಿದ್ದಿತ್ತು. ಅದರ ಸುತ್ತ ಮುಕ್ಕಾಲು ಗಂಟೆ ಹುಡುಕಿದೆವು. "ಅಪ್ಪಾ, ಇಲ್ಲೇನೂ ಇಲ್ಲ. ನೀರೂ ಖಾಲಿ," ಅಂದಳು.

ಪುಣ್ಯಕ್ಕೆ ಅದೇ ರಾಕೆಟ್ಟಿನಲ್ಲಿ ಸುಮ್ನೆ ಬೀಪ್ ಬೀಪ್ ಅನ್ನುವ ಹಳೇ ಕಾಲದ ಟ್ರಾನ್ಸ್‌ಮಿಟರ್ ಕೂಡ ಇತ್ತು, 433 ಮೆಗಾಹರ್ಟ್ಸ್‌ನದು. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡದ್ದೇ ಇದಕ್ಕಾಗಿ (ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಿದ್ದರೆ ಪಾಸು). ಸಿಗ್ನಲ್ ಯಾವ ದಿಕ್ಕಿಂದ ಬರುತ್ತಿದೆ ಅಂತ ಹುಡುಕುವ ಯಾಗಿ ಆಂಟೆನಾ ಮನೆಯಲ್ಲೇ ಮಾಡಿದ್ದು: ಪಿವಿಸಿ ಪೈಪಿಗೆ ಬಡಗಿಗಳ ಸ್ಟೀಲ್ ಟೇಪಿನ ಮೂರು ತುಂಡು, ಒಂದೊಂದೂ ಅಡಿಗಿಂತ ತುಸು ಉದ್ದ. ಬಿದ್ದ ರಾಕೆಟ್ ಮಲಗಿರುತ್ತದೆ, ಅದರ ಆಂಟೆನಾ ಕೂಡ. ಹಾಗಾಗಿ ಕೈ ರೇಡಿಯೋಗೆ ಸಿಕ್ಕಿಸಿದ ಯಾಗಿಯನ್ನೂ ಅಡ್ಡಕ್ಕೇ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿದೆ. ಬೀಪ್ ಬಂತು. ನಾವು ಬಂದ ದಾರಿಯ ಕಡೆಯಿಂದ!

ಹತ್ತಿರ ಹೋದ ಹಾಗೆ ಇನ್ನೊಂದು ತಲೆನೋವು. ಸಿಗ್ನಲ್ ಎಷ್ಟು ಜೋರಾಗುತ್ತದೆ ಅಂದರೆ ಯಾಗಿಯನ್ನು ಯಾವ ಕಡೆ ತಿರುಗಿಸಿದರೂ ಒಂದೇ ಥರ. ಆಗ ಯಾಗಿ ಬಿಚ್ಚಿ, ಟ್ಯೂನಿಂಗ್ ಸ್ವಲ್ಪ ಪಕ್ಕಕ್ಕೆ ಸರಿಸಿ, ಕೈ ರೇಡಿಯೋವನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ತಿರುಗಬೇಕು. ನಮ್ಮ ಮೈಯೇ ಸಿಗ್ನಲ್ಲಿಗೆ ಗೋಡೆ. ಸದ್ದು ತೀರಾ ಸಣ್ಣಗಾದಾಗ ರಾಕೆಟ್ ಇರುವುದು ಬೆನ್ನ ಹಿಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಲಗೋ ಮುಂಚೆ ನಾಯಿ ಸುತ್ತುವ ಹಾಗಿತ್ತಂತೆ.

ಐದು ನಿಮಿಷಕ್ಕೆ ಪೊದೆಯಲ್ಲಿ ಸಿಕ್ಕಿಕೊಂಡ ಪ್ಯಾರಾಚೂಟ್ ಕಾಣಿಸಿತು. ಒಂದು ರೆಕ್ಕೆ ಮುರಿದಿತ್ತು, ಇರಲಿ.

ಜಿಪಿಎಸ್‌ನದು ಏನೂ ತಪ್ಪಿಲ್ಲ. ಕಾರಿಗೆ ಬಂದು ಮತ್ತೆ ಪರದೆ ನೋಡಿದೆ. ಅಕ್ಷಾಂಶದಲ್ಲಿ ಡಿಗ್ರಿ ಆದಮೇಲೆ ಇದ್ದದ್ದು 29.45 ನಿಮಿಷ (ಗಡಿಯಾರದ್ದಲ್ಲ, ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು), ಅಂದರೆ 29 ನಿಮಿಷ 27 ಸೆಕೆಂಡ್. ನಾನು ಹಾಕಿದ್ದು 29 ನಿಮಿಷ 45 ಸೆಕೆಂಡ್! ಅಕ್ಷಾಂಶದ ಒಂದು ಸೆಕೆಂಡಿಗೆ ಸುಮಾರು 31 ಮೀಟರ್. ಉತ್ತರಕ್ಕೇ 550 ಮೀಟರ್ ಜಾಸ್ತಿ ಹೋಗಿದ್ದೆವು. ರೇಖಾಂಶದ್ದೂ ಅದೇ ಕಥೆ.

ಈಗ ರಿಸೀವರ್ ಮೇಲೆ ಮಗಳು ಬಿಳಿ ಟೇಪ್ ಅಂಟಿಸಿದ್ದಾಳೆ. ದಪ್ಪ ಮಾರ್ಕರಿನಲ್ಲಿ, ಕನ್ನಡದಲ್ಲೇ: "ಚುಕಿ ಆದಮೇಲೆ ಸೆಕೆಂಡ್ ಅಲ್ಲ." ಒಂದು ಒತ್ತು ಬಿಟ್ಟಿದ್ದಾಳೆ. ತಿದ್ದುವ ಮುಖ ನನಗಿರಲಿಲ್ಲ.