ಶ್ಲಾಡ್ಮಿಂಗ್‌ನ ರಾತ್ರಿ: ಕಂಬ ಬಡಿಯುವ ಸದ್ದು

ಕಲಬುರಗಿಯಿಂದ ಮುಂಬೈ, ಅಲ್ಲಿಂದ ವಿಮಾನ, ಕೊನೆಗೆ ಸಾಲ್ಝ್‌ಬರ್ಗ್‌ನಿಂದ ರೈಲಿನಲ್ಲಿ ಒಂದೂವರೆ ತಾಸು. ಆಸ್ಟ್ರಿಯಾದ ಶ್ಲಾಡ್ಮಿಂಗ್ ಸಣ್ಣ ಊರು; ಪ್ಲನೈ ಗುಡ್ಡದ ಇಳಿಜಾರು ಊರ ಅಂಚಿಗೇ ಬಂದು ನಿಲ್ಲುತ್ತದೆ. ಸಾಲಾಗಿ ನೆಟ್ಟ ಕಂಬಗಳನ್ನು ಬಳಸಿ ತಿರುಗುತ್ತ ಸ್ಕೀ ಮೇಲೆ ಇಳಿಯುವ ಪಂದ್ಯ ಸ್ಲಾಲಮ್. ಪುರುಷರ ಸ್ಲಾಲಮ್ ವಿಶ್ವಕಪ್ ಇಲ್ಲಿ ನಡೆಯುವುದು ಜನವರಿಯ ರಾತ್ರಿ, ದೀಪದ ಬೆಳಕಿನಲ್ಲಿ.

ಟಿವಿಯಲ್ಲಿ ಹಿಮ ಹತ್ತಿಯಂತೆ ಕಾಣುತ್ತದೆ. ಹತ್ತಿರ ನಿಂತರೆ ಅದು ಗಾಜು. ಸ್ಪರ್ಧೆಗೆ ಮೊದಲು ಹಿಮದೊಳಕ್ಕೆ ನೀರು ಹಾಯಿಸಿ ಗಟ್ಟಿ ಮಾಡುತ್ತಾರೆ. ಮೆತ್ತಗೆ ಬಿಟ್ಟರೆ ನಾಲ್ಕಾರು ಮಂದಿ ಇಳಿಯುವಷ್ಟರಲ್ಲೇ ತಿರುವುಗಳಲ್ಲಿ ಕಾಲುವೆ ಬೀಳುತ್ತದೆ, ಆಮೇಲೆ ಬರುವವರ ಸ್ಕೀ ಅದರಲ್ಲಿ ಸಿಕ್ಕಿ ಹಾದಿ ತಪ್ಪುತ್ತದೆ.

ಮೊದಲನೆಯವನು ಇಳಿದದ್ದೇ ಟಪ್ ಟಪ್ ಎಂದು ಕಂಬಗಳು ನೆಲಕ್ಕೆ ಬಿದ್ದವು. ಪಕ್ಕದಲ್ಲಿದ್ದ ಕಾಕಾ ಕೇಳಿದರು:

"ಕಂಬಕ್ಕ ಬಡದ್ನಲ್ಲೋ, ಔಟಲ್ಲೇನು?"

"ಇಲ್ರೀ ಕಾಕಾ, ಬಡದೇ ಹೋಗಬೇಕು. ಬುಡದಾಗ ಮಡಚೂ ಕೀಲು ಅದ, ಬಿದ್ದದ್ದು ತಾನೇ ಏಳ್ತದ."

"ಮತ್ತ ಔಟ್ ಯಾವಾಗ?"

"ಕಂಬ ಎರಡು ಕಾಲಿನ ನಡಕ ಹೋದ್ರ. ಗೇಟ್ ಅಂದ್ರ ಕಂಬ ಗುರುತು ಮಾಡಿದ ಬಾಗಿಲು; ಎರಡೂ ಸ್ಕೀ ತುದಿ, ಎರಡೂ ಪಾದ ಅದರ ಗೆರೆ ದಾಟಬೇಕು."

ಕಾಕಾ ಸುಮ್ಮನಾಗಲಿಲ್ಲ, ಸುತ್ತಿ ಹೋದರೆ ಏನು ನಷ್ಟ ಎಂದರು. ನಷ್ಟ ಸಮಯದ್ದು. ಎಲ್ಲಕ್ಕಿಂತ ಹತ್ತಿರದ ಹಾದಿ ಕಂಬದ ಬುಡಕ್ಕೆ ಅಂಟಿಕೊಂಡೇ ಇದೆ. ಪಾದ ಕಂಬದ ಹೊರಗೆ, ವಾಲಿದ ಮೈ ಕಂಬದ ಒಳಗೆ; ಅಡ್ಡ ಬಂದ ಕಂಬವನ್ನು ಮುಂಗೈಯಿಂದ, ಮೊಣಕಾಲ ಕೆಳಗಿನ ಕವಚದಿಂದ ಬಡಿದು ಮಲಗಿಸುತ್ತಾರೆ. ಹೆಲ್ಮೆಟ್ಟಿನಲ್ಲಿ ಗದ್ದಕ್ಕೂ ಕಂಬಿ ಇರುವುದು ಇದಕ್ಕೇ. ಗೆಲುವು ಸೋಲು ಸೆಕೆಂಡಿನ ನೂರನೇ ಭಾಗದಲ್ಲಿ ತೀರ್ಮಾನ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕಾಶ್ಮೀರದ ಆರಿಫ್ ಖಾನ್ ಕಂಬಗಳು ಇನ್ನೂ ದೂರ ದೂರ ಇರುವ ಜಯಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು, ಸ್ಲಾಲಮ್ ಮುಗಿಸಲಾಗಲಿಲ್ಲ. ಈ ಗಾಜಿನ ಎದುರು ನಿಂತಾಗ, ಮುಗಿಸುವುದೇ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಸ್ಪರ್ಧೆ ಎರಡು ಇಳಿತದ್ದು, ನಡುವಿನ ಬಿಡುವು ದೊಡ್ಡದು. ಅಲ್ಲಿ ಮಾರುವ ಬಿಸಿ ವೈನ್ ಬರೀ ಸಕ್ಕರೆ. ಚೀಲದಲ್ಲಿದ್ದ ಕಟಕ್ ರೊಟ್ಟಿ, ಶೇಂಗಾ ಹಿಂಡಿಯೇ ಮೇಲು. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಮರೆಯಬೇಡಿ. "ರಬ್ಬರ್ ಅಟ್ಟೆ ಸಾಕು" ಎಂದ ಅಂಗಡಿಯವನ ಮಾತು ನಂಬಿದ್ದಕ್ಕೆ ಕಾಕಾ ಏರಿನಲ್ಲಿ ಎರಡು ಸಲ ಜಾರಿದರು. ಫೋನು ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ಎರಡನೇ ಇಳಿತಕ್ಕೆ ಕಂಬಗಳನ್ನು ಹೊಸದಾಗಿ ನೆಡುತ್ತಾರೆ. ಮೊದಲ 30 ಮಂದಿಗಷ್ಟೇ ಅವಕಾಶ, ಅದೂ ತಿರುವುಮುರುವು: 30ನೆಯವನು ಮೊದಲು, ಮುಂದಿದ್ದವನು ಕೊನೆಗೆ, ಎಲ್ಲರೂ ಕೊರೆದಿಟ್ಟ ಹಾದಿಯಲ್ಲಿ. ಅವನು ಹೊರಟಾಗ ಎದ್ದ ಕೂಗು, ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಕದಲುವಾಗಿನದೇ.