ಮಗುವಿನ ಮೂಗಿನ ಹತ್ತಿರ ಬೇಡ ಕಣಮ್ಮ

ಆವತ್ತು ಬೆಳಗ್ಗೆಯಿಂದಲೇ ತಲೆನೋವು. ಹಣೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಎರಡೂ ಕಡೆ ಒತ್ತುತ್ತಿತ್ತು. ಹಿಂದಿನ ರಾತ್ರಿ ಅಕ್ಕನ ಎಂಟು ತಿಂಗಳ ಮಗು ಮೂಗು ಕಟ್ಟಿಕೊಂಡು ನಿದ್ದೆ ಮಾಡಿರಲಿಲ್ಲ. ಮಗು ಮಲಗದೆ ನಾವು ಮಲಗೋದು ಹೇಗೆ?

ಅಮ್ಮ ಪೆಪ್ಪರ್‌ಮಿಂಟ್ ಎಣ್ಣೆಯ ಪುಟ್ಟ ಬಾಟಲಿ ತಂದಳು. ಮುಚ್ಚಳ ತೆಗೆದ ಕೂಡಲೇ ಘಾಟು ಕೋಣೆಯೆಲ್ಲ ತುಂಬಿತು. ಹಿಂದೊಮ್ಮೆ ನಾನು ಅದನ್ನು ಹಾಗೇ ಹಣೆಗೆ ತಿಕ್ಕಿಕೊಂಡು, ಚರ್ಮ ಕೆಂಪಾಗಿ ಉರಿ ಎದ್ದಿತ್ತು. ಬೇರೆ ಎಣ್ಣೆ ಬೆರೆಸಿ ತೆಳು ಮಾಡಿಯೇ ಹಚ್ಚಬೇಕು ಅಂತ ಆಮೇಲೆ ಗೊತ್ತಾಯಿತು. ಈಗ ಅಮ್ಮನದು ಒಂದೇ ಲೆಕ್ಕ: ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ. ನೀರಿಗೆ ಹಾಕಿದರೆ ಅದು ಬೆರೆಯುವುದೇ ಇಲ್ಲ, ಸುಮ್ನೆ ಮೇಲೆ ತೇಲುತ್ತದೆ.

ಹಣೆಯ ಎರಡೂ ಪಕ್ಕ, ಕೂದಲಿನ ಅಂಚಿನಲ್ಲಿ, ಕಣ್ಣಿನಿಂದ ದೂರ ಇರುವ ಹಾಗೆ ಬೆರಳ ತುದಿಯಿಂದ ಮೆಲ್ಲಗೆ ಹಚ್ಚಿದಳು. ಅರೆಗಳಿಗೆ ಏನೂ ಇಲ್ಲ. ಆಮೇಲೆ ಕಿಟಕಿ ತೆರೆದು ಗಾಳಿ ಬಂದ ಹಾಗೆ ತಣ್ಣಗಾಯಿತು. ನಿಜ ಹೇಳಬೇಕಂದ್ರೆ ಚರ್ಮವೇನೂ ತಣ್ಣಗಾಗಿರುವುದಿಲ್ಲ. ಎಣ್ಣೆಯಲ್ಲಿರುವ ಮೆಂಥಾಲ್, ಚಳಿಯನ್ನು ಗುರುತಿಸುವ ನರದ ತುದಿಗಳನ್ನೇ ಎಬ್ಬಿಸುತ್ತದೆ. ಆ ನರಗಳಲ್ಲಿ ಈ ಕೆಲಸ ಮಾಡುವ ಪ್ರೋಟೀನನ್ನು 2002ರಲ್ಲಿ ಗುರುತಿಸಿದರು. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಅದನ್ನು ಹುಡುಕಿದ್ದರು. ಬಿಸಿ, ತಂಪು, ಸ್ಪರ್ಶದ ಅರಿವಿನ ಮೇಲೆ ಮಾಡಿದ ಕೆಲಸಕ್ಕೆ 2021ರ ನೊಬೆಲ್ ಬಹುಮಾನ ಇಬ್ಬರಿಗೂ ಸಿಕ್ಕಿತು. ತಲೆನೋವಿಗೂ ಇದು ಬರೀ ನಂಬಿಕೆಯ ಮಾತಲ್ಲ. 1996ರಲ್ಲಿ ಜರ್ಮನಿಯ ವೈದ್ಯರು ಶೇಕಡಾ 10ರಷ್ಟು ಪೆಪ್ಪರ್‌ಮಿಂಟ್ ಎಣ್ಣೆಯ ದ್ರಾವಣವನ್ನು ಹಣೆಗೆ ಹಚ್ಚಿ ನೋಡಿದಾಗ, ಟೆನ್ಷನ್ ತಲೆನೋವಿಗೆ ಅದು ಪ್ಯಾರಾಸಿಟಮಾಲ್‌ಗಿಂತ ಹಿಂದೆ ಬೀಳಲಿಲ್ಲ. ನನಗೂ ಅರ್ಧ ಗಂಟೆಯಲ್ಲಿ ಆ ಬಿಗಿ ಸಡಿಲವಾಯಿತು.

ಅಮ್ಮನಿಗೆ ಈ ಎಣ್ಣೆಯ ಮೇಲೆ ಅಷ್ಟು ನಂಬಿಕೆ ಬರೋಕೆ ಬೇರೆ ಕಾರಣವೂ ಇದೆ. ವರ್ಷಗಟ್ಟಲೆ ಕಾಡಿದ ಹೊಟ್ಟೆ ನುಲಿತ, ಉಬ್ಬರಕ್ಕೆ ಡಾಕ್ಟರು ಇದೇ ಎಣ್ಣೆಯ ಕ್ಯಾಪ್ಸೂಲ್ ಕೊಟ್ಟಿದ್ದರು. ಕರುಳಿನ ಸ್ನಾಯುಗಳ ಬಿಗಿತ ಇಳಿಸುತ್ತದೆ. ಅದರ ಹೊದಿಕೆ ಹೊಟ್ಟೆ ದಾಟಿ ಕರುಳಿನಲ್ಲೇ ಕರಗಬೇಕು. ಒಂದು ಸಲ ಅಮ್ಮ ನುಂಗೋಕೆ ಆಗದೆ ಅಗಿದುಬಿಟ್ಟಳು. ಆ ರಾತ್ರಿಯಿಡೀ ಎದೆಯುರಿ. ಅನ್ನನಾಳದ ತುದಿಯ ಸ್ನಾಯುವೂ ಸಡಿಲವಾಗಿ ಹುಳಿ ಮೇಲೆ ಬರುತ್ತದೆ, ಅದಕ್ಕೇ. ಆದರೂ ಆ ಕ್ಯಾಪ್ಸೂಲ್ ಅವಳಿಗೆ ಜಾಸ್ತಿ ಒಳ್ಳೆಯದನ್ನೇ ಮಾಡಿತ್ತು.

ನನ್ನ ಹಣೆ ಮುಗಿಸಿ ಅಮ್ಮ ತೊಟ್ಟಿಲ ಕಡೆ ತಿರುಗಿದಳು. ಬೆರಳಲ್ಲಿ ಇನ್ನೂ ಎಣ್ಣೆಯ ಹೊಳಪು. ‘ಪಾಪ, ಇವನಿಗೂ ಮೂಗಿನ ಕೆಳಗೆ ಒಂದು ಚೂರು ಹಚ್ಚೋಣ. ಉಸಿರು ಸಲೀಸಾಗುತ್ತೆ.’

ನಾನು ಎದ್ದು ಅವಳ ಮಣಿಕಟ್ಟು ಹಿಡಿದುಕೊಂಡೆ. ‘ಬೇಡ ಕಣಮ್ಮ, ಮಗುವಿನ ಮೂಗಿನ ಹತ್ತಿರ ಬೇಡ.’

‘ನಿಮ್ಮನ್ನೆಲ್ಲ ನಾನೇ ಅಲ್ವಾ ಬೆಳೆಸಿದ್ದು?’

ಆ ಮಾತಿಗೆ ಏನು ಹೇಳಲಿ? ಆದರೂ ಹೇಳಿದೆ. ತೀರಾ ಚಿಕ್ಕ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್ ತಾಗಿದರೆ ಗಂಟಲು ಬಿಗಿದು ಉಸಿರೇ ನಿಲ್ಲುವ ಅಪಾಯ ಇದೆ. ಇಷ್ಟಕ್ಕೂ ಇದು ಕಟ್ಟಿದ ಮೂಗನ್ನು ತೆರೆಯುವುದೂ ಇಲ್ಲ. ನಮಗೂ ಗಾಳಿ ಜಾಸ್ತಿ ಬಂದ ಹಾಗೆ ಅನ್ನಿಸುತ್ತದೆ, ಅಷ್ಟೇ. ಅಮ್ಮ ಮಗುವನ್ನೇ ನೋಡುತ್ತಾ ನಿಂತಳು. ಅವಳ ಮುಖ ಸಪ್ಪಗಾಯಿತು. ಪ್ರೀತಿಯಿಂದ ಚಾಚಿದ ಕೈಯನ್ನು ತಡೆಯೋದು ಸುಲಭ ಅಲ್ಲ.

ಮಕ್ಕಳ ಡಾಕ್ಟರು ಬರೆದುಕೊಟ್ಟಿದ್ದ ಉಪ್ಪು ನೀರಿನ ಹನಿ ಮನೆಯಲ್ಲೇ ಇತ್ತು. ಅಕ್ಕ ಎರಡೂ ಹೊಳ್ಳೆಗೆ ಬಿಟ್ಟು, ಸಿಂಬಳ ಒರೆಸಿ, ಮಗುವನ್ನು ಭುಜದ ಮೇಲೆ ನೆಟ್ಟಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಗೊರಗೊರ ಸದ್ದು ಕಡಿಮೆಯಾಯಿತು.

ಅಮ್ಮ ಬಾಟಲಿಯ ಮುಚ್ಚಳ ಬಿಗಿ ಮಾಡಿ ಕಪಾಟಿನ ಮೇಲಿನ ಹಂತದಲ್ಲಿ ಇಟ್ಟಳು. ಸೋಪು ಹಚ್ಚಿ ಕೈ ತೊಳೆದಳು. ಬೆರಳು ಮೂಸಿ ನೋಡಿದಳು, ಇನ್ನೊಮ್ಮೆ ತೊಳೆದಳು. ಮತ್ತೆ ಮೂಸಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ‘ಕೊಡು ಇಲ್ಲಿ’ ಅಂತ ಅಕ್ಕನ ಮುಂದೆ ಕೈ ಚಾಚಿದಳು.